ಹಾಲಿನ ಸ್ಯಾಂಪಲ್ ಪರೀಕ್ಷೆ: ನಗರಸಭೆಯ ಹಳೆಯ ಕ್ರಮ

1955ರ ಜೂನ್ 1ರಿಂದ 2011ರ ಆಗಸ್ಟ್‌ವರೆಗೆ ನಮ್ಮ ಊರುಗಳಲ್ಲಿ ಹಾಲಿನ ತಪಾಸಣೆ ನಡೆದದ್ದು ಆಹಾರ ಕಲಬೆರಕೆ ತಡೆ ಕಾಯ್ದೆಯಡಿ. ಕರ್ನಾಟಕದಲ್ಲಿ ಹಸುವಿನ ಹಾಲಿಗೆ ಕನಿಷ್ಠ ಶೇ. 3.5 ಕೊಬ್ಬು, ಶೇ. 8.5 ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಇರಬೇಕಿತ್ತು. ಎಮ್ಮೆ ಹಾಲಿಗೆ 5 ಮತ್ತು 9. ಆ ಕ್ರಮವನ್ನು ಕಾಲೇಜಿನ ಲ್ಯಾಬಿನಲ್ಲೋ ಡೇರಿಯಲ್ಲೋ ಮಾಡಿ ತೋರಿಸುವವರು ಒಂದು ಮಾತು ನೆನಪಿಡಬೇಕು: ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಒಂದನ್ನೇ ನಂಬಿ ಯಾರನ್ನೂ ಕಳ್ಳನೆನ್ನಬಾರದು, ಸಾಚಾ ಎಂದೂ ಬಿಡಬಾರದು.

ಮೊದಲ ಕೆಲಸ ಕಲಕುವುದು. ನಿಂತ ಕ್ಯಾನಿನಲ್ಲಿ ಕೆನೆ ಮೇಲೇರಿರುತ್ತದೆ. ಮೇಲಿಂದ ತೆಗೆದರೆ ಹಾಲು ಶ್ರೀಮಂತ, ಕೆಳಗಿಂದ ತೆಗೆದರೆ ಬಡವ. ಉದ್ದ ಹಿಡಿಯ ಸೌಟನ್ನು ತಳದವರೆಗೆ ಇಳಿಸಿ ಹತ್ತಾರು ಸಲ ಮೇಲೆತ್ತಿ ಸುರಿಯಿರಿ, ಅಂಚಿಗೆ ಅಂಟಿದ ಕೆನೆಯನ್ನೂ ಕೆರೆದು ಸೇರಿಸಿ. ಕಲಕಿದ್ದನ್ನು ಮಹಜರಿನಲ್ಲಿ ಬರೆಯದೆ ನ್ಯಾಯಾಲಯದಲ್ಲಿ ಬಿದ್ದುಹೋದ ಕೇಸುಗಳು ಬಹಳ. ಇನ್‌ಸ್ಪೆಕ್ಟರು ಹಾಲಿಗೆ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು, ಸಾಕ್ಷಿ ಕರೆಯಬೇಕಿತ್ತು, ಅಲ್ಲೇ ಮೂರು ಭಾಗ ಮಾಡಿ ಒಣಗಿದ ಶುದ್ಧ ಬಾಟಲಿಗಳಲ್ಲಿ ತುಂಬಿ ಮೊಹರು ಹಾಕಬೇಕಿತ್ತು. ಬಾಟಲಿಯಲ್ಲಿ ತೊಳೆದ ನೀರು ಉಳಿದಿದ್ದರೆ ಕಲಬೆರಕೆ ಮಾಡಿದವರು ನೀವೇ ಆಗುತ್ತೀರಿ.

ಹಾಲು ಕೆಡದಂತೆ 25 ಮಿ.ಲೀ.ಗೆ ಎರಡು ಹನಿ ಫಾರ್ಮಲಿನ್. ಒಂದು ಭಾಗ 220 ಮಿ.ಲೀ. ಇದ್ದರೆ ಸುಮಾರು 18 ಹನಿ. ಇದನ್ನು ಹಗುರವಾಗಿ ಕಾಣುವಂತಿಲ್ಲ. ದೆಹಲಿ ನಗರಪಾಲಿಕೆಯ ಮೊಸರಿನ ಮೊಕದ್ದಮೆಯೊಂದರಲ್ಲಿ ಮಾರಾಟಗಾರನ ಪಾಲಿನ ಸ್ಯಾಂಪಲ್ ಕೊಳೆತು ಮರುಪರೀಕ್ಷೆಯೇ ಆಗಲಿಲ್ಲ. ಆತನ ಹಕ್ಕು ತಪ್ಪಿತೆಂದು ಸುಪ್ರೀಂ ಕೋರ್ಟು 1966ರಲ್ಲಿ ಖುಲಾಸೆಯನ್ನು ಎತ್ತಿಹಿಡಿಯಿತು. ಫಾರ್ಮಲಿನ್ ವಿಷ, ಅದು ಬಿದ್ದ ಹಾಲು ಮತ್ತೆ ಅಡುಗೆಮನೆಗೆ ಹೋಗಕೂಡದು.

ಈಗ ಲ್ಯಾಕ್ಟೋಮೀಟರ್. ಹಳೆಯ ಕ್ವೆವೆನ್ ಮಾದರಿಯದು 60 ಡಿಗ್ರಿ ಫ್ಯಾರನ್‌ಹೀಟಿಗೆ ಗುರುತು ಮಾಡಿದ್ದು. ಹಾಲು ಅದಕ್ಕಿಂತ ಬಿಸಿ ಇದ್ದರೆ ಡಿಗ್ರಿಗೆ 0.1 ಕೂಡಿಸಿ, ತಣ್ಣಗಿದ್ದರೆ ಕಳೆಯಿರಿ. 50ರಿಂದ 70 ಡಿಗ್ರಿಯೊಳಗೆ ಹಾಲನ್ನು ತಂದುಕೊಂಡರೆ ಒಳ್ಳೆಯದು. 70ರಲ್ಲಿ 28 ತೋರಿದರೆ ಅದು 29. ಆಗಷ್ಟೇ ಕರೆದ ಹಾಲಿನಲ್ಲಿ ಗಾಳಿ ಸೇರಿರುವುದರಿಂದ ಲೆಕ್ಕ ಕಡಿಮೆ ಬರುತ್ತದೆ. ನೊರೆ ಇಳಿದು ಕೆಲವು ಗಂಟೆ ಕಳೆಯಲಿ, ಇಲ್ಲವಾದರೆ ಪ್ರಾಮಾಣಿಕನಿಗೇ ಪೆಟ್ಟು.

ಕೆನೆ ನೀರಿಗಿಂತ ಹಗುರ. ಕೆನೆ ತೆಗೆದರೆ ರೀಡಿಂಗ್ ಏರುತ್ತದೆ, ಆಮೇಲೆ ನೀರು ಹೊಯ್ದರೆ ಇಳಿದು ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಎರಡೂ ಮೋಸ ಮಾಡಿದ ಹಾಲು 29 ತೋರಿಸಿ ಪಾಸಾಗುತ್ತದೆ. ಆದ್ದರಿಂದ ಕೊಬ್ಬು ಅಳೆಯುವ ಗರ್ಬರ್ ಪರೀಕ್ಷೆ ಬೇಕೇ ಬೇಕು: ಬ್ಯುಟಿರೋಮೀಟರಿಗೆ, ಅಂದರೆ ಗುರುತು ಮಾಡಿದ ಗಾಜಿನ ನಳಿಕೆಗೆ, ಮೊದಲು 10 ಮಿ.ಲೀ. ಗರ್ಬರ್ ಸಲ್ಫ್ಯೂರಿಕ್ ಆಮ್ಲ, ಗೋಡೆಗುಂಟ ನಿಧಾನವಾಗಿ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೊಹಾಲ್. ಬಿರಡೆ ಬಿಗಿದು, ಬಟ್ಟೆ ಸುತ್ತಿ, ಮೊಸರುಗಟ್ಟಿದ್ದೆಲ್ಲ ಕರಗುವವರೆಗೆ ಅಲ್ಲಾಡಿಸಿ. ಕೈ ಸುಡುವಷ್ಟು ಕಾಯುತ್ತದೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಮಿಷಕ್ಕೆ 1100 ಸುತ್ತಿನಲ್ಲಿ ನಾಲ್ಕೈದು ನಿಮಿಷ ತಿರುಗಿಸಿ, 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು ಕೊಬ್ಬಿನ ಕಂಬ ಓದಿ. ಕಂಬದ ಕೆಳಗೆ ಕಪ್ಪು ಚೂರು ಕಂಡರೆ ಆಮ್ಲ ಜಾಸ್ತಿ ಖಾರ, ಬಿಳಿ ಚೂರು ಕಂಡರೆ ಆಮ್ಲ ಸಪ್ಪೆ. ಎರಡರಲ್ಲೂ ಮತ್ತೆ ಮಾಡಬೇಕು.

ರಿಚ್‌ಮಂಡ್ ಸೂತ್ರದಲ್ಲಿ ತಿದ್ದಿದ ರೀಡಿಂಗನ್ನು 4ರಿಂದ ಭಾಗಿಸಿ, ಕೊಬ್ಬಿನ 0.2 ಪಾಲು ಮತ್ತು 0.14 ಕೂಡಿಸಿದರೆ ಎಸ್‌ಎನ್‌ಎಫ್. ರೀಡಿಂಗ್ 29, ಕೊಬ್ಬು 2 ಎನ್ನಿ: 7.25, 0.4, 0.14 ಸೇರಿ 7.79. 8.5ಕ್ಕೆ 0.71 ಕಡಿಮೆ, ಎಂದರೆ ಕನಿಷ್ಠ ಶೇ. 8ರಷ್ಟು ನೀರು. ಕೊಬ್ಬಂತೂ ಅಳತೆಗಿಂತ ಶೇ. 43 ಖೋತಾ. ಹಾಲು ಪಾಸಾಗಿದ್ದ ಅದೇ 29 ಇದು.

ಹಿಟ್ಟು ಬೆರೆಸಿ ಘನಾಂಶ ಏರಿಸಿದ ಅನುಮಾನವಿದ್ದರೆ ಕಾಯಿಸಿ ಆರಿಸಿದ ಹಾಲಿಗೆ ಅಯೋಡಿನ್ ಹನಿ ಹಾಕಿ, ನೀಲಿಯಾದರೆ ಗಂಜಿ. ಬ್ಯಾಕ್ಟೀರಿಯಾ ನೋಡಲು 10 ಮಿ.ಲೀ. ಹಾಲಿಗೆ 1 ಮಿ.ಲೀ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ: ಅರ್ಧ ಗಂಟೆಯೊಳಗೆ ನೀಲಿ ಹೋದರೆ ತೀರಾ ಕಳಪೆ, ಐದು ಗಂಟೆ ನಿಂತರೆ ಬಹಳ ಒಳ್ಳೆಯದು. ಇದಕ್ಕೆ ಫಾರ್ಮಲಿನ್ ಹಾಕದ ಹಾಲನ್ನು ಬೇರೆಯಾಗಿ ತೆಗೆದಿಟ್ಟಿರಬೇಕು, ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಂದಿರುತ್ತದೆ. ಫಾರ್ಮಲಿನ್ ಹಾಲು ಗರ್ಬರ್ ಆಮ್ಲದಲ್ಲಿ ಕರಗುವುದೂ ತಡ, ಬಿಸಿನೀರಿನಲ್ಲಿಟ್ಟು ಇನ್ನಷ್ಟು ಹೊತ್ತು ಅಲ್ಲಾಡಿಸಿ.