ಒಂಬತ್ತನೇ ತರಗತಿಯ ಗೇರು ಕಸಿ

ಕಸಿ ಎಂದರೇನು ಎಂದು ಕೇಳಿದರೆ, ಒಳ್ಳೆಯ ಮರದ ಕಡ್ಡಿಯನ್ನು ಬೀಜದ ಸಸಿಗೆ ಬೆಸೆಯುವುದು ಎಂದು ಹೈಸ್ಕೂಲಿನ ಮಕ್ಕಳು ಎರಡು ಅಂಕಕ್ಕೆ ಬೇಕಾದಷ್ಟು ಬರೆಯುತ್ತಾರೆ. ಕೈಗೆ ಚೂರಿ ಕೊಟ್ಟರೆ ಆ ಕಡ್ಡಿಯನ್ನೇ, ಅಂದರೆ ಕಸಿಕಡ್ಡಿಯನ್ನು, ತಲೆಕೆಳಗಾಗಿ ಹಿಡಿಯುವವರೂ ಅವರಲ್ಲೇ ಇರುತ್ತಾರೆ. ಉಡುಪಿ ಕಡೆಯ ನಮ್ಮ ಶಾಲೆಯಲ್ಲಿ ಕಾರ್ಯಾನುಭವದ ಪೀರಿಯಡ್ಡಿಗೆ ಗೇರು ಕಸಿಯನ್ನು ಆರಿಸಿಕೊಂಡದ್ದು ಇದಕ್ಕೇ. ಗೇರು ಇಲ್ಲಿ ಗುಡ್ಡೆಯಲ್ಲೂ ಇದೆ, ಬೇಲಿಯಲ್ಲೂ ಇದೆ. ಬೀಜಕ್ಕೂ ಕಡ್ಡಿಗೂ ದುಡ್ಡು ಬೇಡ. ಶಾಲೆಯ ಕ್ಯಾಲೆಂಡರಿಗೂ ಹೊಂದುತ್ತದೆ: ಜೂನ್ ಮೊದಲ ವಾರ ಬಿತ್ತಿದರೆ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಕಸಿ, ಮುಂದಿನ ಜೂನ್‌ಗೆ ನೆಡಲು ಗಿಡ. ಒಂಬತ್ತನೆಯವರಿಗೇ ಕೊಡುವುದೂ ಅದರಿಂದಲೇ. ಹತ್ತನೆಯವರಿಗೆ ಕೊಟ್ಟರೆ ಗಿಡ ಶಾಲೆಯಲ್ಲಿ, ಕಟ್ಟಿದವರು ಪಿಯುಸಿಯಲ್ಲಿ.

36 ಮಕ್ಕಳಿಗೆ ತಲಾ ಎರಡರಂತೆ 72 ಗಿಡ ಬೇಕು. ಮೊಳೆಯದವು, ಇಲಿ ತಿಂದವು ಎಲ್ಲ ಲೆಕ್ಕ ಹಾಕಿ 100 ತೊಟ್ಟೆ (ಪ್ಲಾಸ್ಟಿಕ್ ಚೀಲ) ತುಂಬುತ್ತೇವೆ. 25×15 ಸೆಂ.ಮೀ. ಅಳತೆಯ, 300 ಗೇಜ್ ದಪ್ಪದ ತೊಟ್ಟೆ. ತಳದಲ್ಲೂ ಬದಿಯಲ್ಲೂ ಸೇರಿ ಹದಿನೈದು–ಇಪ್ಪತ್ತು ತೂತು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸಮಸಮ. ಮಣ್ಣು ಎಷ್ಟು ಬೇಕು ಎಂಬ ಲೆಕ್ಕವನ್ನು ಮಕ್ಕಳಿಗೇ ಬಿಡಬೇಕು. ಮೊದಲ ಪಾಠ ನಡೆಯುವುದು ಅಲ್ಲೇ. ಬಹುತೇಕರು 15 ಸೆಂ.ಮೀ. ಅನ್ನು ವ್ಯಾಸ ಎಂದು ಹಿಡಿದು, ಮಣ್ಣು ತುಂಬುವ 20 ಸೆಂ.ಮೀ. ಎತ್ತರಕ್ಕೆ ತೊಟ್ಟೆಗೆ ಮೂರೂವರೆ ಲೀಟರ್ ಎಂದು ಬರೆದು ತರುತ್ತಾರೆ. ಮಡಚಿಟ್ಟ ತೊಟ್ಟೆಯ ಅಗಲ 15 ಅಂದರೆ ಬಾಯಿಯ ಸುತ್ತಳತೆ 30, ತ್ರಿಜ್ಯ 4.8ರಷ್ಟೇ. ಹಿಡಿಯುವುದು ಸುಮಾರು 1.4 ಲೀಟರ್. 15 ಲೀಟರಿನ ಬಕೆಟ್‌ನಲ್ಲಿ ನೂರು ತೊಟ್ಟೆಗೆ ಹತ್ತು ಬಕೆಟ್ ಸಾಕು. ಅವರ ಲೆಕ್ಕದಲ್ಲಿ ಇಪ್ಪತ್ತನಾಲ್ಕು. ಸಿಲಿಂಡರಿನ ಘನಫಲದ ಸೂತ್ರ ಎಲ್ಲರಿಗೂ ಬಾಯಿಪಾಠ. ತಪ್ಪುವುದು ಸೂತ್ರದಲ್ಲಲ್ಲ, ಯಾವುದನ್ನು ಅಳೆಯಬೇಕು ಎಂಬಲ್ಲಿ. ಒಂದು ತೊಟ್ಟೆಗೆ ಲೋಟದಲ್ಲಿ ಮಣ್ಣು ಅಳೆದು ಹಾಕಿದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಬೀಜ ಅದೇ ವರ್ಷದ್ದಿರಲಿ. ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ರಾತ್ರಿಯಿಡೀ ನೆನೆಸಿ, ತೊಟ್ಟಿನ ಭಾಗ ಮೇಲೆ ಬರುವಂತೆ ಎರಡೂವರೆ ಸೆಂ.ಮೀ. ಆಳಕ್ಕೆ ಊರಬೇಕು. ಹಸಿ ಬೀಜದ ಸಿಪ್ಪೆಯ ಎಣ್ಣೆ ಸುಡುತ್ತದೆ, ಹಲ್ಲಿನಿಂದ ಕಚ್ಚುವಂತಿಲ್ಲ. ಎರಡು–ಮೂರು ವಾರದಲ್ಲಿ ಮೊಳಕೆ. ಬೇಳೆ ಮೇಲೆ ಬಂದ ದಿನವೇ ಇಲಿ, ಅಳಿಲು, ಈಗೀಗ ನವಿಲು ಕೂಡ ಹಾಜರ್. ಹಾಗಾಗಿ ಮೇಲೊಂದು ಹಳೆ ಬಲೆ ಕಟ್ಟಿ. ಜೋರು ಮಳೆಯ ಏಟಿಗೆ ಮಣ್ಣು ಹಾರದಂತೆ ತೆಂಗಿನ ಮಡಲು ಹೊದೆಸಿದರೆ ಸಾಕು, ಆದರೆ ಮೊಳಕೆ ಬಂದ ಮೇಲೆ ಮಡಲನ್ನು ಎತ್ತರಿಸಬೇಕು. ಬುಡ ಕೊಳೆತು ಸಸಿ ಮಲಗಿದರೆ ತೊಟ್ಟೆಯ ತೂತು ಕಟ್ಟಿ ನೀರು ನಿಂತಿದೆಯೇ ಎಂದು ನೋಡಿ.

ಕಸಿಕಡ್ಡಿ ಯಾವ ಮರದ್ದು ಎಂಬುದು ಮುಖ್ಯ. ಬೀಜದಿಂದ ಬಂದ ಗೇರು ತಾಯಿಯಂತೆಯೇ ಇರುತ್ತದೆ ಎಂಬ ಖಾತ್ರಿ ಇಲ್ಲ. ಕಸಿ ಕಟ್ಟುವುದೇ ಆ ಕಾರಣಕ್ಕೆ. ಯಾರದಾದರೂ ತೋಟದಲ್ಲಿ ಉಳ್ಳಾಲದ ಸಂಶೋಧನಾ ಕೇಂದ್ರದ ತಳಿಯೋ ಪುತ್ತೂರಿನ ಕೇಂದ್ರದ ಭಾಸ್ಕರ ತಳಿಯೋ ಇದ್ದರೆ ಕೇಳಿ ತರುತ್ತೇವೆ. ಇಲ್ಲದಿದ್ದರೆ ಮನೆಯ ಹಿರಿಯರು ತೋರಿಸುವ ಮರವೇ ಸರಿ. ವರ್ಷ ತಪ್ಪದೆ ಗೊಂಚಲು ಬಿಡುವ ಮರ ಯಾವುದೆಂದು ಅಜ್ಜಿಯರಿಗೆ ಗೊತ್ತಿರುತ್ತದೆ. ಹೂ ಬಿಡದ, ಮೂರರಿಂದ ಐದು ತಿಂಗಳ, ಪೆನ್ಸಿಲ್ ದಪ್ಪದ ಬದಿ ಚಿಗುರು ಬೇಕು. ಅದನ್ನು ಕೂಡಲೇ ಕತ್ತರಿಸುವುದಲ್ಲ. ಮರದಲ್ಲೇ ಇರುವಾಗ ಎಲೆಗಳನ್ನು ಕತ್ತರಿಸಿ ತೊಟ್ಟು ಮಾತ್ರ ಬಿಟ್ಟು, ಏಳರಿಂದ ಹತ್ತು ದಿನ ಕಾಯಬೇಕು. ಮುಟ್ಟಿದರೆ ತೊಟ್ಟು ಉದುರುತ್ತದೆ, ತುದಿಮೊಗ್ಗು ಉಬ್ಬಿರುತ್ತದೆ, ಇನ್ನೂ ಬಿಚ್ಚಿರುವುದಿಲ್ಲ. ಆಗ ಕಡ್ಡಿ ಹದ.

ಕರಾವಳಿಯ ಶಾಲೆಗೆ ಇಲ್ಲಿಯೇ ಒಂದು ತೊಂದರೆ. ಎಲೆ ಸವರಿ ಎಂಟನೇ ದಿನ ಕಸಿಗೆ ಎಂದು ಗೊತ್ತು ಮಾಡಿರುತ್ತೇವೆ, ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳ ಮಳೆ ರಜೆ ಬರುತ್ತದೆ. ಎರಡು ದಿನ ರಜೆ, ಮೇಲೊಂದು ಭಾನುವಾರ. ಅಷ್ಟರಲ್ಲಿ ಮೊಗ್ಗು ಬಿಚ್ಚಿ ಕಡ್ಡಿ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕೇ ಎಲ್ಲ ಕಡ್ಡಿಯ ಎಲೆಯನ್ನು ಒಂದೇ ದಿನ ಸವರುವುದಿಲ್ಲ. ನಾಲ್ಕು ದಿನದ ಅಂತರದಲ್ಲಿ ಎರಡು ಕಂತು.

ಕತ್ತರಿಸಿದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿನೊಳಗಿಟ್ಟು ತಂದು, ಅದೇ ದಿನ ಕಟ್ಟಿ ಮುಗಿಸುವುದು. 40 ನಿಮಿಷದ ಒಂದು ಪೀರಿಯಡ್ಡಿನಲ್ಲಿ ಇದು ಆಗುವ ಮಾತಲ್ಲ. ಎರಡನ್ನು ಸೇರಿಸಿಕೊಡದಿದ್ದರೆ ಕೈಹಾಕದಿರುವುದೇ ಮೇಲು. ಒಮ್ಮೆಗೆ ಆರು ಜನರಿಗೆ ಮಾತ್ರ ಚೂರಿ. ಉಳಿದವರಿಗೆ ಕಟ್ಟುವ, ಕಡ್ಡಿಗೆ ಪ್ಲಾಸ್ಟಿಕ್ಕಿನ ಟೋಪಿ ಹಾಕುವ, ಗುರುತು ಹಚ್ಚುವ ಕೆಲಸ. ಶೇವಿಂಗ್ ಬ್ಲೇಡ್ ಬೇಡ, ಬಾಗುತ್ತದೆ, ಗಾಯ ಅಲೆ ಅಲೆಯಾಗುತ್ತದೆ. ದಪ್ಪ ಅಲಗಿನ ಕಟ್ಟರ್ ಆದೀತು. ಮೊದಲು ದಾಸವಾಳದ ಕಡ್ಡಿಯ ಮೇಲೆ ಪ್ರತಿಯೊಬ್ಬರೂ ಐದಾರು ಸಲ ಕೈ ಪಳಗಿಸಿಕೊಳ್ಳಬೇಕು.

ಐವತ್ತು ದಿನದ ಸಸಿಯ ಬುಡದಲ್ಲಿ ಎರಡು ಜೋಡಿ ಎಲೆ ಉಳಿಸಿ, ಮೇಲಿನ ಎಳೆಕಾಂಡವನ್ನು ಅಡ್ಡ ಕತ್ತರಿಸಿ, ನಡುವೆ 6 ಸೆಂ.ಮೀ. ಸೀಳಬೇಕು. ಆಮೇಲೆ 10–12 ಸೆಂ.ಮೀ. ಉದ್ದದ ಕಡ್ಡಿಯ ಬುಡವನ್ನು ಎರಡೂ ಬದಿಯಿಂದ ಅಷ್ಟೇ ಉದ್ದಕ್ಕೆ ಬೆಣೆಯಂತೆ ಕೆತ್ತುವುದು. ಮಕ್ಕಳ ಕೈ ಸೋಲುವುದು ಈ ಬೆಣೆಯಲ್ಲಿ. ಪೆನ್ಸಿಲ್ ಚೂಪು ಮಾಡಿದ ಹಾಗೆ ಚೂರುಚೂರೇ ಹೆರೆಯುತ್ತಾರೆ. ಹತ್ತು ಏಟಿಗೆ ಹತ್ತು ಏಣು. ಬದಿಗೆ ಒಂದೇ ಎಳೆತ, ಹೆಚ್ಚೆಂದರೆ ಎರಡು. ಕೆತ್ತಿದ ಮುಖಕ್ಕೆ ಸ್ಟೀಲ್ ಸ್ಕೇಲಿನ ಅಂಚು ತಾಗಿಸಿ ಬೆಳಕಿಗೆ ಹಿಡಿದು ನೋಡಿ: ಸಂದಿನಲ್ಲಿ ಬೆಳಕು ಕಂಡರೆ ಅಲ್ಲಿ ಗಾಳಿ ಇರುತ್ತದೆ, ಗಾಳಿ ಇದ್ದಲ್ಲಿ ಕೂಡಿಕೆ ಇಲ್ಲ. ಕಡ್ಡಿ ಸಸಿಗಿಂತ ತೆಳುವಾದರೆ ನಡುವೆ ಇಡುವುದು ಇನ್ನೊಂದು ಸಹಜ ತಪ್ಪು. ನೋಡಲು ಚೆಂದ, ಆದರೆ ಎರಡೂ ಕಡೆ ತೊಗಟೆ ತಪ್ಪಿಹೋಗುತ್ತದೆ. ಬೆಸೆಯುವುದು ತೊಗಟೆಯ ಕೆಳಗಿನ ತೆಳ್ಳಗಿನ ಕೇಂಬಿಯಂ ಪದರ. ಕಡ್ಡಿಯನ್ನು ಒಂದು ಬದಿಗೆ ಸರಿಸಿ ಆ ಬದಿಯ ಪದರವನ್ನಾದರೂ ಒಂದಕ್ಕೊಂದು ತಾಗಿಸಬೇಕು. ಪುಸ್ತಕದ ಚಿತ್ರದಲ್ಲಿ ಗೆರೆಯಾಗಿದ್ದ ಕೇಂಬಿಯಂ ಇಲ್ಲಿ ಉಗುರಿಗೆ ಸಿಗುವ ಹಸಿರು ಜಾರಿಕೆ.

ಕಟ್ಟುವ ಪಟ್ಟಿ 100 ಗೇಜಿನದು, ಒಂದೂವರೆ ಸೆಂ.ಮೀ. ಅಗಲ, 30 ಉದ್ದ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಮಂಗಳೂರು ಹಂಚು ಹೊದೆಸುವ ಹಾಗೆ. ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದರೆ ನೀರು ಒಳಗಿಳಿಯದು. ಟೋಪಿಗೆ ಐಸ್‌ಕ್ಯಾಂಡಿಯ ಉದ್ದ ತೊಟ್ಟೆ ಹೇಳಿ ಮಾಡಿಸಿದಂತಿದೆ. ಒಳಗೆ ಒಮ್ಮೆ ನೀರು ಆಡಿಸಿ ಚೆಲ್ಲಿ, ಕಡ್ಡಿಯ ಮೇಲೆ ಇಳಿಸಿ ಬುಡ ಕಟ್ಟುವುದು. ನೆರಳಿನಲ್ಲಿಟ್ಟು, ತುದಿ ಚಿಗುರಿದ ಮೇಲೆ ಟೋಪಿ ತೆಗೆಯುವುದು. ಎರಡು–ಮೂರು ವಾರ ಹಿಡಿಯುತ್ತದೆ. ದಿನಾ ಬಿಚ್ಚಿ ನೋಡುವ ಕುತೂಹಲಿಗಳ ಗಿಡ ಒಣಗಿಯೇ ಹೋಗುತ್ತದೆ. ಹೆಸರನ್ನು ಮಾರ್ಕರಿನಲ್ಲಿ ಬರೆದರೆ ಮಳೆಗೆ ಅಳಿಯುತ್ತದೆ. ತಂಪು ಪಾನೀಯದ ಡಬ್ಬಿಯನ್ನು ಪಟ್ಟಿಯಾಗಿ ಕತ್ತರಿಸಿ, ಖಾಲಿ ಬಾಲ್‌ಪೆನ್ನಿನಿಂದ ಒತ್ತಿ ಗೀಚಿದ ಹೆಸರು ಉಳಿಯುತ್ತದೆ.

ಮಕ್ಕಳ ಮೊದಲ ಕೈಯಲ್ಲಿ ಅರ್ಧ ಬದುಕಿದರೂ ಒಳ್ಳೆಯದೇ. ಅಂಕವನ್ನು ನಾವು ಬದುಕಿದ ಗಿಡಕ್ಕೆ ಕೊಡುವುದಿಲ್ಲ. ಹಾಗೆ ಕೊಟ್ಟರೆ ಸತ್ತ ಗಿಡ ರಾತ್ರೋರಾತ್ರಿ ಮಾಯವಾಗಿ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಸತ್ತದ್ದನ್ನು ಬಿಚ್ಚಿ, ಕಾರಣ ಬರೆದು, ತೋರಿಸಿದವರಿಗೆ ಪೂರ್ತಿ ಅಂಕ. ಕಡ್ಡಿ ತುದಿಯಿಂದ ಕಪ್ಪಾಗಿದ್ದರೆ ಅದು ತೀರಾ ಎಳೆಯದು, ಇಲ್ಲವೇ ಬೂಷ್ಟು ಹಿಡಿದಿದೆ. ಸುಕ್ಕುಗಟ್ಟಿದ್ದರೆ ಟೋಪಿಯಲ್ಲಿ ತೂತು ಹುಡುಕಿ. ಚಿಗುರಿ, ಎರಡೆಲೆ ಬಿಟ್ಟು, ಆಮೇಲೆ ಸತ್ತದ್ದು ಮಕ್ಕಳನ್ನು ಹೆಚ್ಚು ಕಾಡುತ್ತದೆ. ಅದು ಕಡ್ಡಿಯಲ್ಲೇ ಇದ್ದ ಕೂಡಿಟ್ಟ ಆಹಾರದಿಂದ ಚಿಗುರಿದ್ದು. ಬೇರಿನಿಂದ ಹನಿಯೂ ಬಂದಿರಲಿಲ್ಲ. ಸೀಳಿದರೆ ಬೆಣೆಯ ಮುಖ ಕಂದಾಗಿ ಒಣಗಿ, ಸಸಿಗೆ ಅಂಟದೆ ಜಾರಿ ಬರುತ್ತದೆ. ಕ್ಸೈಲಂ (ಬೇರಿನಿಂದ ನೀರು ಸಾಗಿಸುವ ಅಂಗಾಂಶ) ಏನು ಮಾಡುತ್ತದೆ ಎಂದು ಆಮೇಲೆ ಬೋರ್ಡಿನಲ್ಲಿ ವಿವರಿಸಬೇಕಾಗಿಲ್ಲ.

ಕಸಿಯ ಕೆಳಗೆ ಸಸಿಯ ಸ್ವಂತ ಚಿಗುರು ಬರುತ್ತಲೇ ಇರುತ್ತದೆ, ವಾರಕ್ಕೊಮ್ಮೆ ಚಿವುಟಬೇಕು. ಬಿಟ್ಟರೆ ದಸರಾ ರಜೆ ಮುಗಿಯುವಷ್ಟರಲ್ಲಿ ಅದೇ ಗಿಡವಾಗಿ, ಕಸಿ ಸತ್ತಿರುತ್ತದೆ. ರಜೆಗೆ ಮುಂಚೆ ತೊಟ್ಟೆಗಳನ್ನು ಒತ್ತಾಗಿ ಜೋಡಿಸಿ ಸುತ್ತ ತರಗೆಲೆ ತುಂಬಿ, ಹತ್ತಿರದ ಮನೆಯ ಮೂವರಿಗೆ ನೀರಿನ ಸರದಿ ಹಂಚುತ್ತೇವೆ. ಬೇಸಿಗೆ ರಜೆಗೆ ಅಷ್ಟು ಸಾಲದು, ಗಿಡ ಅವರವರ ಮನೆಗೇ ಹೋಗುತ್ತದೆ.

ನೆಡುವ ಮೊದಲು ಪಟ್ಟಿ ಬಿಚ್ಚಲು ಮರೆಯುವವರು ಬಹಳ. ಕಾಂಡ ದಪ್ಪವಾದಂತೆ ಅದು ಕುತ್ತಿಗೆ ಹಿಚುಕಿ, ಒಂದು ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ. 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ. ಗಿಡದಿಂದ ಗಿಡಕ್ಕೆ ಏಳೂವರೆ ಮೀಟರ್. ಕಸಿಯ ಗಂಟು ಮಣ್ಣಿನಿಂದ ಐದು ಸೆಂ.ಮೀ. ಮೇಲಿರಲಿ. ಕಸಿ ಗಿಡ ಬೇಗ ಹೂ ಬಿಡುತ್ತದೆ. ಮೊದಲ ಎರಡು ವರ್ಷ ಆ ಹೂವನ್ನು ಚಿವುಟಿ ಹಾಕಬೇಕು ಎಂದು ಹೇಳಿಕೊಟ್ಟಿರುತ್ತೇವೆ, ಆದರೆ ತಾನೇ ಕಟ್ಟಿದ ಗಿಡದ ಮೊದಲ ಹೂ ಚಿವುಟಲು ಯಾವ ಮಗುವಿಗೂ ಮನಸ್ಸು ಬರುವುದಿಲ್ಲ. ಆ ಕೆಲಸವನ್ನು ಮನೆಯವರಿಗೆ ಒಪ್ಪಿಸುವುದು ಒಳ್ಳೆಯದು.