ಹಳೇ ಪೆಟ್ರೋಲ್ ಪಿಕಪ್: ಟ್ಯಾಂಕಿನ ಆವಿ ಸೋರಿಕೆ ಹಿಡಿಯುವುದು ಹೀಗೆ

ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರುವ ಹಳೇ ಪೆಟ್ರೋಲ್ ಪಿಕಪ್‌ನಲ್ಲಿ ಚೆಕ್ ಎಂಜಿನ್ ದೀಪ ಹತ್ತಿ, ಸ್ಕ್ಯಾನರ್ ಪಿ0441 (ಟ್ಯಾಂಕಿನ ಆವಿ ಎಂಜಿನ್‌ಗೆ ಸರಿಯಾಗಿ ಹರಿಯುತ್ತಿಲ್ಲ ಎಂಬ ಕೋಡ್) ತೋರಿಸಿದರೆ ಮೊದಲು ಪರ್ಜ್ ವಾಲ್ವ್, ಅಂದರೆ ಆ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್ ನೋಡಿ. ಎಂಜಿನ್ ತಣ್ಣಗಾಗಲಿ, ಬೀಡಿ-ಬೆಂಕಿ ದೂರವಿರಲಿ.

ಇಂಟೇಕ್ ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆ) ಹೊರಟ ಸಣ್ಣ ಹೋಸ್ ಹಿಡಿದು ಹೋದರೆ ವಾಲ್ವ್ ಸಿಗುತ್ತದೆ. ಬಿಚ್ಚಿ, ಗಾಡಿಯಿಂದ ದೂರ ಒಯ್ದು, ಶುಚಿಯಾದ ಪೈಪ್ ಸಿಕ್ಕಿಸಿ ಊದಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. 12 ವೋಲ್ಟ್ ಕೊಟ್ಟರೆ ‘ಟಕ್’ ಎಂದು ತೆರೆಯಬೇಕು. ಈಗ ಅಂಗೈ ಮೇಲೆ ಕೊಡವಿ. ಕಪ್ಪು ಇದ್ದಿಲ ಪುಡಿ ಉದುರಿದರೆ ಕ್ಯಾನಿಸ್ಟರ್ (ಟ್ಯಾಂಕಿನ ಆವಿ ಹೀರಿಡುವ ಇದ್ದಿಲ ಡಬ್ಬಿ) ಒಳಗೆ ಒಡೆದಿದೆ. ಆಗ ವಾಲ್ವ್ ಒಂದನ್ನೇ ಬದಲಿಸಿದರೆ ದುಡ್ಡು ದಂಡ, ಹೊಸದೂ ಕಟ್ಟಿಕೊಳ್ಳುತ್ತದೆ.

ಹೋಸ್‌ಗಳನ್ನು ಬಗ್ಗಿಸಿ ಬಿರುಕು ಹುಡುಕಿ. ಪೆಟ್ರೋಲ್ ತಡೆಯುವ ಹೋಸೇ ಹಾಕಿ. ಟ್ಯಾಂಕ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ.

ಬಂಕಿನಲ್ಲಿ ಗನ್ ಕಟ್ ಆದಮೇಲೆ ಮತ್ತೆ ತುಂಬಿಸಬೇಡಿ. ಪೆಟ್ರೋಲ್ ಕ್ಯಾನಿಸ್ಟರ್‌ಗೇ ನುಗ್ಗಿ ಇದ್ದಿಲು ಹಾಳಾಗುತ್ತದೆ.