ಮೀನಿನ ತೊಟ್ಟಿಗೆ ಥರ್ಮಾಮೀಟರ್ ಆರಿಸಿದ ಬಗೆ

ಕಾರವಾರದಲ್ಲಿರುವ ನನ್ನ ಅಕ್ಕನ ಮಗ ಅಕ್ವೇರಿಯಂ ಗಾಜಿನ ಹೊರಗೆ ಅಂಟಿಸುವ ಬಣ್ಣದ ಪಟ್ಟಿಯೊಂದರಲ್ಲೇ ಸುಧಾರಿಸಿಕೊಂಡು ಹೋಗುತ್ತಿದ್ದಾನೆ. ಅವನಿಗೆ ಅದು ಸಾಕು. ಕಡಲ ಮಗ್ಗುಲಲ್ಲಿ ಕೋಣೆಯ ಗಾಳಿಗೂ ತೊಟ್ಟಿಯ ನೀರಿಗೂ ಹೆಚ್ಚು ಅಂತರವಿರುವುದಿಲ್ಲ, ಹೀಟರ್ ಬೇಕಾಗುವುದೂ ಅಪರೂಪ. ಘಟ್ಟದ ಮೇಲಿನ ಶಿರಸಿಯಲ್ಲಿ ಹಾಗಲ್ಲ. ಪುಷ್ಯ ಮಾಸದ ಬೆಳಗಿನ ಜಾವ ನಮ್ಮ ಜಗಲಿಯಲ್ಲಿ 17 ಡಿಗ್ರಿ, ಹೀಟರ್ ಹಾಕಿದ ನೀರಿನಲ್ಲಿ 26. ಹೊರಗಿನ ಪಟ್ಟಿ ಅತ್ತ ಗಾಳಿಯ ಮಾತನ್ನೂ ಇತ್ತ ನೀರಿನ ಮಾತನ್ನೂ ಕೇಳಿ 24 ಎಂದು ರಾಜಿ ಮಾಡಿಬಿಡುತ್ತದೆ.

ನಾನು ಸಾಕಿರುವುದು ಏಂಜಲ್ ಮೀನು. 24ರಿಂದ 28 ಡಿಗ್ರಿಯೊಳಗೆ ಎಲ್ಲಿದ್ದರೂ ಅದಕ್ಕೆ ತಕರಾರಿಲ್ಲ. ರಾತ್ರಿ ಕರೆಂಟು ಹೋಗಿ ನೀರು ಸರಕ್ಕನೆ ತಣಿದರೆ ಮಾತ್ರ ಸೊರಗುತ್ತದೆ, ಬಿಳಿಚುಕ್ಕೆ ರೋಗ ಬರುವುದೂ ಹೆಚ್ಚಾಗಿ ಆಗಲೇ. ಹಾಗಾಗಿ ಯಾವಾಗಲೂ ಅರ್ಧ ಡಿಗ್ರಿ ಹೆಚ್ಚು ತೋರಿಸುವ ಥರ್ಮಾಮೀಟರ್ ಜೊತೆ ಬಾಳಬಹುದು, ಆ ಅರ್ಧವನ್ನು ಕಳೆದರಾಯಿತು. ಇವತ್ತೊಂದು ನಾಳೆಯೊಂದು ಹೇಳುವುದು ನನಗೆ ಬೇಡ.

ಕೊನೆಗೆ ಆರಿಸಿದ್ದು ಕೆಂಪು ದ್ರವದ ಗಾಜಿನ ಕೊಳವೆ. ಅಂಗಡಿಯಲ್ಲಿ ಡಬ್ಬದಲ್ಲಿದ್ದ ಕೊಳವೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಮಲಗಿಸಿ ಸ್ವಲ್ಪ ಹೊತ್ತು ಬಿಟ್ಟೆ. ಅಂಗಡಿಯವರು “ಏನು ಭಾವ, ಎಲ್ಲಕ್ಕೂ ಜ್ವರ ನೋಡುತ್ತೀರೋ?” ಎಂದು ನಕ್ಕರು. ಒಂದೇ ಮೇಜು, ಒಂದೇ ಗಾಳಿ; ಆದರೂ ಮೊದಲನೆಯದಕ್ಕೂ ಕೊನೆಯದಕ್ಕೂ ಮೂರು ಡಿಗ್ರಿ ವ್ಯತ್ಯಾಸ! ತಮ್ಮತಮ್ಮಲ್ಲೇ ಹೊಂದಿಕೊಂಡಿದ್ದ ಗುಂಪಿನಿಂದ ಒಂದನ್ನು ತಂದೆ. ಈ ಅಗ್ಗದ ಕೊಳವೆಗಳಲ್ಲಿ ಅಂಕಿ ಬರೆದಿರುವುದು ಗಾಜಿನ ಮೇಲಲ್ಲ, ಒಳಗೆ ತುರುಕಿದ ಕಾಗದದ ಚೀಟಿಯ ಮೇಲೆ. ಚೀಟಿ ಕೂದಲೆಳೆಯಷ್ಟು ಜಾರಿದರೂ ಓದು ತಪ್ಪುತ್ತದೆ. 25ರ ಗೆರೆಗೆ ಸರಿಯಾಗಿ ಹೊರಗಾಜಿನ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ. ಚುಕ್ಕೆಯೂ ಗೆರೆಯೂ ಬೇರೆಯಾದರೆ ಚೀಟಿ ಜಾರಿದೆ ಎಂದು ಲೆಕ್ಕ.

ಮನೆಯಲ್ಲಿ ಪರೀಕ್ಷೆ ಎರಡು. ಸ್ಟೀಲ್ ಲೋಟದ ತುಂಬ ಪುಡಿ ಮಾಡಿದ ಐಸ್, ಸಂದಿಗಳು ಮುಚ್ಚುವಷ್ಟು ತಣ್ಣೀರು. ಕಲಕುತ್ತ, ಬುರುಡೆ ಲೋಟದ ತಳಕ್ಕೆ ತಾಗದಂತೆ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಬಂದು ನಿಲ್ಲಬೇಕು. ಸೊನ್ನೆಯಲ್ಲಿ ಸರಿಯಿದ್ದದ್ದು 26ರಲ್ಲೂ ಸರಿಯಿರುತ್ತದೆ ಎಂಬ ಖಾತರಿ ಇಲ್ಲದ್ದರಿಂದ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಇದನ್ನೂ ಸುಮಾರು 38 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅಕ್ಕಪಕ್ಕ ಹಿಡಿಯುತ್ತೇನೆ. ಜ್ವರದ್ದು ತಾನು ಕಂಡ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದುಕೊಂಡು ಕೂರುವುದರಿಂದ, ಅದು ಬೀಪ್ ಎಂದ ಕ್ಷಣವೇ ಎರಡನ್ನೂ ಓದಿಬಿಡಬೇಕು. ಕುದಿಯುವ ನೀರಿನ ಗೊಡವೆ ಬೇಡ. 50ರವರೆಗೆ ಮಾತ್ರ ಗೆರೆಯಿರುವ ಕೊಳವೆ ಒಡೆಯುತ್ತದೆ. ಅದಲ್ಲದೆ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ನೀರು ಕುದಿಯುವುದೇ 98ರ ಆಸುಪಾಸಿನಲ್ಲಿ.

ವೈರಿನ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಒಂದನ್ನೂ ಇಟ್ಟುಕೊಂಡಿದ್ದೇನೆ, ಕತ್ತಲಲ್ಲಿ ಬೇಗ ಓದಲು ಅನುಕೂಲ. 26.3 ಎಂದು ತೋರಿಸಿದ ಮಾತ್ರಕ್ಕೆ ಅದು ದಶಾಂಶದವರೆಗೆ ಸತ್ಯ ಎಂದು ನಾನು ನಂಬುವುದಿಲ್ಲ. ಡಬ್ಬಿಯ ಮೇಲೆಯೇ ಒಂದು ಡಿಗ್ರಿ ಆಚೀಚೆ ಎಂದು ಬರೆದಿರುತ್ತದೆ. ಮಳೆಗಾಲದಲ್ಲಿ ಇದರ ಪರದೆಯೊಳಗೆ ಹಬೆ ಕೂರುತ್ತದೆ, ಗುಂಡಿ ಸೆಲ್ ಸೋತರೆ ಅಂಕಿಗಳು ಮಸುಕಾಗುತ್ತವೆ. ಎರಡರ ನಡುವೆ ಜಗಳ ಬಂದರೆ ನನ್ನ ಮಟ್ಟಿಗೆ ಗಾಜಿನದ್ದೇ ತೀರ್ಪು.

ಕೊಳವೆಯ ಜಾಗ ಹೀಟರಿನ ಎದುರು ಮೂಲೆ, ಅರ್ಧ ಆಳ. ಕಿಟಕಿಯ ಬಿಸಿಲು ತಾಗಬಾರದು. ದೀಪಾವಳಿ ಮುಗಿದು ಹೀಟರ್ ಹಚ್ಚುವ ಮುನ್ನ ಪ್ರತಿ ವರ್ಷ ಐಸಿನ ಪರೀಕ್ಷೆ ಇನ್ನೊಮ್ಮೆ ನಡೆಯುತ್ತದೆ. ಹೀಟರಿನ ತಿರುಪಿನ ಮೇಲಿನ ಅಂಕಿಗೂ ಇದೇ ಕೊಳವೆ ಸಾಕ್ಷಿ: ನಮ್ಮದರಲ್ಲಿ 28ಕ್ಕೆ ತಿರುಗಿಸಿದರೆ ನೀರು 26ಕ್ಕೆ ಬರುತ್ತದೆ.